ಹಳೆಯ ಕಾರಿನ ಏರಿಯಲ್: ಜೀರ್ಣೋದ್ಧಾರದ ಒಂದು ಪಾಠ

(ಶಾಲಾ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



‘ಜೀರ್ಣೋದ್ಧಾರ’ವೆಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ದೇವಾಲಯಗಳು ನೆನಪಾಗುತ್ತವೆ. ನಾನು ಇಂದು ಹೇಳಹೊರಟಿರುವುದಾದರೋ ಮೋಟಾರು ಕಾರಿನ ಜೀರ್ಣೋದ್ಧಾರವನ್ನು ಕುರಿತು. ಅದರಲ್ಲಿಯೂ ಕಾರಿನ ರೇಡಿಯೋ ಏರಿಯಲ್ಲನ್ನು ಕುರಿತು. ಇಷ್ಟು ಸಣ್ಣ ವಸ್ತುವಿನಲ್ಲಿ ಭಾಷಣಕ್ಕೆ ತಕ್ಕ ವಿಷಯವೇನಿದೆಯೆಂದು ಹಿರಿಯರು ಕೇಳಬಹುದು. ತುಸು ತಾಳ್ಮೆಯಿಂದ ಆಲಿಸಬೇಕೆಂದು ಪ್ರಾರ್ಥಿಸುತ್ತೇನೆ.

ಅಮೆರಿಕದ ಷೆವರ್ಲೆ ಸಂಸ್ಥೆಯು 1953ರಲ್ಲಿ ‘ಕಾರ್ವೆಟ್’ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಆ ವರ್ಷ ಮಿಷಿಗನ್ ಪ್ರಾಂತದ ಫ್ಲಿಂಟ್ ನಗರದಲ್ಲಿ ಸಿದ್ಧವಾದ ಕಾರುಗಳು ಕೇವಲ 300. ಎಲ್ಲಕ್ಕೂ ಹೊರಗೆ ಬಿಳಿಯ ಬಣ್ಣ, ಒಳಗೆ ಕೆಂಪು, ಎಲ್ಲದರಲ್ಲಿಯೂ ರೇಡಿಯೋ. ಆದರೆ ಸುತ್ತಲೂ ಎಷ್ಟು ಹುಡುಕಿದರೂ ಏರಿಯಲ್ಲಿನ ಕಡ್ಡಿ ಮಾತ್ರ ಕಾಣಸಿಗದು!

ಇಂತಹ ಕಾರೊಂದು ದುರಸ್ತಿಗೆ ಬಂದಿದೆಯೆಂದು ಭಾವಿಸಿರಿ. ಕೆಲಸಗಾರನು ‘ಪಾಪ, ಕಡ್ಡಿ ಕಳೆದುಹೋಗಿರಬೇಕು’ ಎಂದು ತರ್ಕಿಸಿ, ಮುಂದಣ ವರ್ಷಗಳ ಕಾರ್ವೆಟ್ಟಿನ ಚಿತ್ರವನ್ನು ನೋಡಿ, ಹಿಂಭಾಗದಲ್ಲಿ ಒಂದು ರಂಧ್ರ ಕೊರೆದು ಹೊಳೆಯುವ ಕಡ್ಡಿಯೊಂದನ್ನು ನಿಲ್ಲಿಸುತ್ತಾನೆ. ಅವನ ಉದ್ದೇಶ ಒಳ್ಳೆಯದೇ. ಆದರೆ ಮೂರುನೂರರಲ್ಲಿ ಒಂದಾಗಿದ್ದ ವಸ್ತುವಿಗೆ ಎಂದೂ ಇಲ್ಲದಿದ್ದ ಗಾಯವೊಂದು ಉಂಟಾಯಿತು. ಆ ರಂಧ್ರವನ್ನು ಮುಚ್ಚಬಹುದೇ ಹೊರತು ಕೊರೆಯದಂತೆ ಮಾಡಲು ಸಾಧ್ಯವಿಲ್ಲ.

ಹಾಗಾದರೆ ಏರಿಯಲ್ ಎಲ್ಲಿತ್ತು? ಇದನ್ನರಿಯಲು ತುಸು ವಿಜ್ಞಾನ ಬೇಕು. ಲೋಹದ ಪೆಟ್ಟಿಗೆಯೊಳಕ್ಕೆ ರೇಡಿಯೋ ಅಲೆಗಳು ಸುಲಭವಾಗಿ ಹೊಗಲಾರವು. ಮನೆಯಲ್ಲಿ ಟ್ರಾನ್ಸಿಸ್ಟರ್ ಇದ್ದರೆ ಅದನ್ನು ಲೋಹದ ಪಾತ್ರೆಯಲ್ಲಿಟ್ಟು ಮುಚ್ಚಳ ಮುಚ್ಚಿ ನೋಡಿರಿ, ಧ್ವನಿ ಕುಗ್ಗುವುದು. 1930ರ ದಶಕದ ಆರಂಭದಲ್ಲಿ ಅನೇಕ ಕಾರುಗಳ ಮಾಡಿನ ನಡುಭಾಗ ಮರ ಮತ್ತು ಬಟ್ಟೆಯಿಂದಾಗಿತ್ತು. ಅದರೊಳಗೆ ತಂತಿಯ ಬಲೆಯನ್ನು ಅಡಗಿಸಿ ಏರಿಯಲ್ ಮಾಡುತ್ತಿದ್ದರು. 1935ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಇಡಿಯ ಮಾಡನ್ನು ಉಕ್ಕಿನಿಂದ ಮಾಡತೊಡಗಿತು. ಅಲ್ಲಿಗೆ ಬಲೆ ನಿರುಪಯುಕ್ತವಾಯಿತು. ಏರಿಯಲ್ ಹೊರಗೆ ಬರಬೇಕಾಯಿತು.

ಕಾರ್ವೆಟ್ಟಿನ ಮೈಯಾದರೋ ಉಕ್ಕಿನದಲ್ಲ, ಫೈಬರ್‌ಗ್ಲಾಸಿನದು. ಅದು ಅಲೆಗಳನ್ನು ತಡೆಯದು. ಆದುದರಿಂದ ನಿರ್ಮಾಪಕರು ಹಿಂದಿನ ಸಾಮಾನುಪೆಟ್ಟಿಗೆಯ ಮುಚ್ಚಳದೊಳಗೇ ಲೋಹದ ಬಲೆಯನ್ನು ಹುದುಗಿಸಿ ಅದನ್ನೇ ಏರಿಯಲ್ಲಾಗಿಸಿದರು. ಆದರೆ ಒಂದು ಅನುಕೂಲದೊಡನೆ ಒಂದು ತೊಡಕೂ ಬಂದಿತು. ಎಂಜಿನಿನ ಕಿಡಿಗಳಿಂದ ಹುಟ್ಟುವ ಗರಗರ ಸದ್ದನ್ನೂ ಆ ಮೈ ತಡೆಯದು! ಅದಕ್ಕಾಗಿ ಕಿಡಿಹಂಚುವ ಡಿಸ್ಟ್ರಿಬ್ಯೂಟರಿಗೂ ಅದರ ತಂತಿಗಳಿಗೂ ಲೋಹದ ಕವಚಗಳನ್ನು ತೊಡಿಸಿದರು. ಈ ಕವಚಗಳ ಮರ್ಮವನ್ನರಿಯದೆ ಅವನ್ನು ಕಿತ್ತೆಸೆದವನು ರೇಡಿಯೋವನ್ನು ಕೆಡಿಸಿದಂತೆಯೇ ಸರಿ.

ಕಾಲಕ್ಕೆ ಒಪ್ಪುವ ಏರಿಯಲ್ಲನ್ನು ಗುರುತಿಸುವ ಬಗೆಯೇನು? ಮೊದಲು ಕಾರ್ಖಾನೆಯ ಬಿಡಿಭಾಗಗಳ ಪಟ್ಟಿಯನ್ನೂ ಜೋಡಣೆಯ ಕೈಪಿಡಿಯನ್ನೂ ಓದಬೇಕು. ಎರಡನೆಯದಾಗಿ, ಆ ವರ್ಷದ ಛಾಯಾಚಿತ್ರಗಳನ್ನೇ ನೋಡಬೇಕು; ಮುಂದಿನ ವರ್ಷದವು ದಾರಿ ತಪ್ಪಿಸುತ್ತವೆ. ಮೂರನೆಯದಾಗಿ, ವಾಹನದ ಮೈಯನ್ನೇ ಸಾಕ್ಷಿಯಾಗಿ ವಿಚಾರಿಸಬೇಕು. ಮುಚ್ಚಿದ ರಂಧ್ರವಿದೆಯೆ? ಒಳಗಿನಿಂದ ತಂತಿಯೊಂದು ಮುಚ್ಚಳದತ್ತ ಹೋಗಿದೆಯೆ? ಇದನ್ನೆಲ್ಲ ಬಣ್ಣ ಕೆರೆಯುವ ಮುನ್ನವೇ ಬರೆದಿಡಬೇಕು. ಕೊನೆಯಲ್ಲಿ ತಂತಿಯನ್ನು ಪರೀಕ್ಷಿಸಬೇಕು. ಮಧ್ಯಮ ತರಂಗದ 1000 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 300 ಮೀಟರ್. ಅದರ ಮುಂದೆ ಒಂದು ಮೀಟರಿನ ಕಡ್ಡಿ ಎಷ್ಟರದು! ಇಷ್ಟು ಕಿರಿದಾದ ಏರಿಯಲ್ಲಿಗೆ ಅದಕ್ಕೆಂದೇ ಮಾಡಿದ ತಂತಿ ಬೇಕು. ಟೆಲಿವಿಷನ್ನಿನ ಸಾಮಾನ್ಯ ಕೇಬಲ್ ಹಾಕಿದರೆ ನೋಟಕ್ಕೆ ಎಲ್ಲವೂ ಸರಿಯಾಗಿದ್ದು ಧ್ವನಿ ಮಾತ್ರ ಕ್ಷೀಣಿಸುವುದು.

ಎಲ್ಲ ಕಡೆಯೂ ಒಂದೇ ನಿಯಮವೆಂದು ತಿಳಿಯಬಾರದು. ಅದೇ ಕಾಲದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರುಗಳಲ್ಲಿ ರೇಡಿಯೋವನ್ನು ಎಷ್ಟೋ ವೇಳೆ ಮಾರಾಟಗಾರನೇ ಕೂರಿಸುತ್ತಿದ್ದನು. ಅಂತಹವುಗಳಲ್ಲಿ ಏರಿಯಲ್ ಎಡಕ್ಕಿರಲಿ ಬಲಕ್ಕಿರಲಿ, ಎರಡೂ ಸರಿಯಿರಬಹುದು. ಅಲ್ಲಿ ಹಳೆಯ ರಂಧ್ರವೇ ಆ ಕಾರಿನ ಚರಿತ್ರೆ. ಅದನ್ನು ‘ದೋಷ’ವೆಂದು ಮುಚ್ಚಿಹಾಕುವುದೂ ತಪ್ಪೇ.

ಪೋಷಕರೆ, ಈ ಪಾಠ ಕಾರಿಗೆ ಮಾತ್ರ ಸೀಮಿತವಾದುದಲ್ಲ. ಶಾಸನವಿರುವ ಕಲ್ಲಿಗೆ ಭಕ್ತಿಯಿಂದಲೇ ಸುಣ್ಣ ಬಳಿದವರುಂಟು. ಅಟ್ಟದ ಮೇಲಿನ ತಾಳೆಗರಿಯನ್ನು ಕಸವೆಂದು ಒಲೆಗೆ ಹಾಕಿದವರುಂಟು. ಅವರಾರೂ ಕೆಟ್ಟವರಲ್ಲ, ಕೇಳದೆ ಕೈಹಾಕಿದವರು, ಅಷ್ಟೆ. ಗಡಿನಾಡಿನಲ್ಲಿ ಕನ್ನಡದ ಹಳೆಯ ಕಾಗದಪತ್ರಗಳನ್ನು ಕಾಪಾಡಬೇಕಾದ ನಮಗೆ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕು.

ವಿದ್ಯಾರ್ಥಿಗಳೆ, ಕಣ್ಣಿಗೆ ಕಾಣದುದೆಲ್ಲ ಇಲ್ಲವೆಂದು ತೀರ್ಮಾನಿಸಬೇಡಿರಿ. ಆ ಬಿಳಿಯ ಕಾರಿನ ಏರಿಯಲ್ ಮುಚ್ಚಳದೊಳಗೆ ತನ್ನ ಸ್ಥಾನದಲ್ಲಿಯೇ ಇತ್ತು. ಹುಡುಕುವವನ ತಾಳ್ಮೆಯೊಂದೇ ಕಳೆದುಹೋಗಿತ್ತು. ಕೊರೆಯುವ ಮುನ್ನ ನೋಡಿರಿ, ನೋಡಿದುದನ್ನು ಬರೆದಿಡಿರಿ, ತಿಳಿದವರನ್ನು ಕೇಳಿರಿ.