ಕೂಡುವೆಡೆಯ ಎಚ್ಚರ

(ಶತಮಾನೋತ್ಸವದ ವಿಜ್ಞಾನಗೋಷ್ಠಿಯಲ್ಲಿ ಹಳೆ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ವಿಜ್ಞಾನದ ದೊಡ್ಡ ಸಾಧನೆಯೊಂದನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಅಪೇಕ್ಷಿಸಿದ್ದರು. ನಾನಾದರೋ ಬಹಳ ಸಣ್ಣ ಸಂಗತಿಯೊಂದನ್ನು ಆಯ್ದುಕೊಂಡಿದ್ದೇನೆ: ರಂಧ್ರವೊಂದಕ್ಕೆ ನಳಿಕೆಯನ್ನು ಸೋರದಂತೆ ಕೂಡಿಸುವುದು ಹೇಗೆ?

ಕಾಸರಗೋಡಿನ ನಮಗೆ ಇದು ಹೊಸ ಪ್ರಶ್ನೆಯಲ್ಲ. ಗುಡ್ಡ ಕೊರೆದ ಸುರಂಗದ ನೀರನ್ನು ಹಿರಿಯರು ಅಡಿಕೆಮರದ ದಂಬೆಗಳಲ್ಲಿ ಹರಿಸಿ ತಂದರು. ನೀರು ಪೋಲಾಗುವುದು ದಂಬೆಯ ನಡುವಿನಲ್ಲಲ್ಲ, ದಂಬೆಗೆ ದಂಬೆ ಕೂಡುವಲ್ಲಿ ಎಂದು ನನ್ನ ಅಜ್ಜ ಹೇಳುತ್ತಿದ್ದರು. ಆ ಮಾತಿನ ಬೆಲೆ ನನಗೆ ತಿಳಿದದ್ದು ಪ್ರಯೋಗಾಲಯದಲ್ಲಿ.

ನಾನು ಕೆಲಸಮಾಡುವುದು ಸೂಕ್ಷ್ಮದ್ರವ ಸಾಧನಗಳಲ್ಲಿ. ಇವು ಎರಡು ಬೆರಳಗಲದ ಬಿಲ್ಲೆಗಳು. ಒಳಗೆ ತಲೆಗೂದಲಿನಷ್ಟು ಸಪೂರವಾದ ಕಾಲುವೆಗಳಿರುತ್ತವೆ. ಒಂದು ಹನಿ ರಕ್ತವನ್ನು ಅವುಗಳಲ್ಲಿ ಹರಿಸಿ ಜೀವಕೋಶಗಳನ್ನು ಪರೀಕ್ಷಿಸಬಹುದು. ಪಿಡಿಎಂಎಸ್ ಎಂಬ ಪಾರದರ್ಶಕ ಸಿಲಿಕೋನ್ ರಬ್ಬರನ್ನು ಎರಕ ಹೊಯ್ದು ಇಂಥ ಬಿಲ್ಲೆಗಳನ್ನು ಶೀಘ್ರವಾಗಿ ತಯಾರಿಸುವ ವಿಧಾನವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ವೈಟ್‌ಸೈಡ್ಸ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ಅಂದಿನಿಂದ ಸಾಮಾನ್ಯ ಪ್ರಯೋಗಾಲಯಗಳಿಗೂ ಈ ವಿದ್ಯೆ ಎಟುಕಿತು.

ಆದರೆ ದ್ರವವು ಹೊರಗಿನ ಪಂಪಿನಿಂದ ಒಳಗಿನ ಕಾಲುವೆಗೆ ಹೋಗಬೇಕಲ್ಲ! ಅದಕ್ಕಾಗಿ ಬಿಲ್ಲೆಯನ್ನು ಗಾಜಿಗೆ ಅಂಟಿಸುವ ಮೊದಲೇ ರಂಧ್ರ ಕೊರೆಯುತ್ತೇವೆ. ಚರ್ಮವೈದ್ಯರು ಪರೀಕ್ಷೆಗಾಗಿ ಚರ್ಮದ ತುಣುಕು ತೆಗೆಯುವ ದುಂಡಲಗಿನ ಉಪಕರಣವೇ ನಮಗೂ ಸಾಧನ. ರಂಧ್ರವು ನಳಿಕೆಗಿಂತ ಕೊಂಚ ಕಿರಿದಾಗಿರಬೇಕು, 1.5 ಮಿಲಿಮೀಟರ್ ಹೊರವ್ಯಾಸದ ನಳಿಕೆಗೆ ಸುಮಾರು 1.2 ಮಿಲಿಮೀಟರ್ ಸಾಕು. ಆಗ ರಬ್ಬರು ತಾನಾಗಿಯೇ ನಳಿಕೆಯನ್ನು ಬಿಗಿಹಿಡಿಯುತ್ತದೆ, ಅಂಟು ಬೇಕಿಲ್ಲ. ಅಲಗು ಮೊಂಡಾಗಿದ್ದರೆ ರಂಧ್ರದ ಅಂಚು ಹರಿದು, ಆ ಬಿರುಕಿನಲ್ಲಿಯೇ ದ್ರವ ಜಿನುಗುತ್ತದೆ. ನಳಿಕೆಯ ತುದಿಯನ್ನು ತುಸು ಓರೆಯಾಗಿ ಕತ್ತರಿಸಬೇಕು. ಇಲ್ಲವಾದರೆ ಅದು ತಳದ ಗಾಜಿಗೆ ಒತ್ತಿಕೊಂಡು ದಾರಿಯನ್ನೇ ಮುಚ್ಚೀತು.

ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ಒಂದು ಸಂಜೆ ನಾನು ಅವಸರದಲ್ಲಿ ಮೊಂಡಲಗನ್ನೇ ಬಳಸಿದೆ. ಬಣ್ಣದ ನೀರು ಹಾಯಿಸಿ ಪರೀಕ್ಷಿಸಲೂ ಇಲ್ಲ. ರೋಗಿಯೊಬ್ಬರು ಸಂಶೋಧನೆಗೆಂದು ಒಪ್ಪಿಕೊಟ್ಟ ರಕ್ತದ ಮಾದರಿ ಕಣ್ಣೆದುರೇ ಮೇಜಿನ ಮೇಲೆ ಹರಿದುಹೋಯಿತು. ತಿಂಗಳುಗಟ್ಟಲೆ ಶ್ರಮಪಟ್ಟು ರೂಪಿಸಿದ ಕಾಲುವೆಗಳಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಕೂಡಿಸಿದ ಎಡೆಯಲ್ಲಿ ದೋಷವಿತ್ತು. ಆ ರೋಗಿಯನ್ನು ಮತ್ತೊಮ್ಮೆ ರಕ್ತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಸೋರದಿದ್ದರೂ ಎಚ್ಚರ ತಪ್ಪುವಂತಿಲ್ಲ. ಒಂದು ಲೆಕ್ಕ ನೋಡಿ. 0.5 ಮಿಲಿಮೀಟರ್ ಒಳವ್ಯಾಸದ, 10 ಸೆಂಟಿಮೀಟರ್ ಉದ್ದದ ನಳಿಕೆಯು ಸುಮಾರು 20 ಮೈಕ್ರೋಲೀಟರ್ ದ್ರವ ಹಿಡಿಯುತ್ತದೆ. 0.1 ಮಿಲಿಮೀಟರ್ ಅಗಲ, 0.05 ಮಿಲಿಮೀಟರ್ ಆಳ, 2 ಸೆಂಟಿಮೀಟರ್ ಉದ್ದದ ಕಾಲುವೆಗೆ ಬೇಕಾದುದು 0.1 ಮೈಕ್ರೋಲೀಟರ್ ಮಾತ್ರ. ಕಾಲುವೆಗಿಂತ ಇನ್ನೂರು ಪಟ್ಟು ಹೆಚ್ಚಿನ ಮಾದರಿ ದಾರಿಯಲ್ಲೇ ನಿಂತಿರುತ್ತದೆ! ಆದುದರಿಂದ ನಳಿಕೆ ಆದಷ್ಟು ಗಿಡ್ಡದಾಗಿರಬೇಕು. ಇನ್ನು ಗಾಳಿಗುಳ್ಳೆ ಹೊಕ್ಕರೆ ಕಾಲುವೆಯೇ ಕಟ್ಟಿಕೊಳ್ಳಬಹುದು. ಇದಕ್ಕೊಂದು ಸುಲಭೋಪಾಯವುಂಟು. ಮೊದಲು ಕಾಲುವೆಯನ್ನು ತುಂಬಿಸಿ, ರಂಧ್ರದ ಬಾಯಲ್ಲಿ ಒಂದು ಹನಿ ಉಬ್ಬಿ ನಿಲ್ಲುವಂತೆ ಮಾಡಬೇಕು. ನಳಿಕೆಯ ತುದಿಯಲ್ಲಿಯೂ ಒಂದು ಹನಿ ನಿಲ್ಲಬೇಕು. ಹನಿಗೆ ಹನಿ ತಾಗಿ ಒಂದಾದ ಬಳಿಕ ನಳಿಕೆಯನ್ನು ಒಳಸೇರಿಸಿದರೆ ನಡುವೆ ಗಾಳಿಗೆ ಎಡೆಯಿರದು.

ಹನಿಯನ್ನು ಉಬ್ಬಿಸಿ ನಿಲ್ಲಿಸುವುದು ಮೇಲ್ಮೈ ಎಳೆತ. ಇದೇ ಶಾಲೆಯ ಎಂಟನೆಯ ತರಗತಿಯಲ್ಲಿ ಮಾಸ್ತರರು ನೀರಿನ ಮೇಲೆ ಸೂಜಿ ತೇಲಿಸಿ ಅದನ್ನು ನಮಗೆ ತೋರಿಸಿದ್ದರು. ಮುಂದೆ ಕಾಲೇಜಿನಲ್ಲಿ 'ಸರ್ಫೇಸ್ ಟೆನ್ಶನ್' ಎಂಬ ಪಾಠ ನಡೆದಾಗ ನಾನು ಏನೂ ಅರಿಯದವಳಂತೆ ವಾರಗಟ್ಟಲೆ ಮೌನವಾಗಿ ಕುಳಿತಿದ್ದೆ. ಇದು ಆ ಸೂಜಿಯ ಪಾಠವೇ ಎಂದು ಹೊಳೆದ ದಿನ ಎದೆ ಹಗುರವಾಯಿತು. ಕಲಿತದ್ದು ಗಟ್ಟಿಯಾಗಿಯೇ ಇತ್ತು. ಕೂಡುವೆಡೆ ಮಾತ್ರ ಸೋರುತ್ತಿತ್ತು.

ಕನ್ನಡದಲ್ಲಿ ಓದಿದರೆ ಮಕ್ಕಳು ವಿಜ್ಞಾನದಲ್ಲಿ ಹಿಂದುಳಿಯುವರೆ ಎಂದು ರಕ್ಷಕರು ನನ್ನನ್ನು ಕೇಳುವುದುಂಟು. ಅವರ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ನಾನೂ ಅದನ್ನು ಅನುಭವಿಸಿದವಳು. ಆದರೆ ಸೋರುವೆಡೆಯನ್ನು ಸರಿಪಡಿಸಲು ಕಾಲುವೆಯನ್ನೇ ಕೈಬಿಡಬೇಕಾಗಿಲ್ಲ. ಪ್ರೌಢಶಾಲೆಯ ಪ್ರತಿಯೊಂದು ಮಗುವೂ ಪಾರಿಭಾಷಿಕ ಪದಗಳನ್ನು ಕನ್ನಡ, ಇಂಗ್ಲಿಷು ಎರಡರಲ್ಲಿಯೂ ಅಕ್ಕಪಕ್ಕದಲ್ಲಿ ಬರೆದಿಡುವ ಪುಸ್ತಕವೊಂದನ್ನು ಈ ವರ್ಷದಿಂದಲೇ ಆರಂಭಿಸಲಿ. ಹಳೆ ವಿದ್ಯಾರ್ಥಿಗಳಾದ ನಾವು ರಜೆಯಲ್ಲಿ ಬಂದು ಅದನ್ನು ತಿದ್ದಿಕೊಡೋಣ. ಮೊದಲ ವರ್ಷದ ತಿದ್ದುಪಡಿಯ ಹೊಣೆ ನನ್ನದು.