ಪಾತ್ರೆ ತುಂಬಿತೆಂದು ಹೇಳುವವರು ಬೇಕು



ಕನ್ನಡ ಬಿ.ಎ. ಓದಿದ ನಾನು ಲೆಕ್ಕದ ವಿಷಯ ಮಾತನಾಡುತ್ತೇನೆಂದರೆ ನಿಮಗೆ ನಗು ಬರಬಹುದು. ಆದರೆ ಈ ಲೆಕ್ಕ ಒಮ್ಮೆ ನಮ್ಮ ಮನೆ ಬಾಗಿಲಿಗೇ ಬಂದಿತ್ತು.

ನನ್ನ ತಂದೆ ಮಾಟುಂಗದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂತು ದುಡಿದವರು. ಉಳಿಸಿದ್ದನ್ನು ಉಪನಗರದ ಒಂದು ಸಣ್ಣ ಪತ್ತಿನ ಸಂಘದಲ್ಲಿ ಇಟ್ಟಿದ್ದರು. ಒಂದು ದಿನ ಸಂಘದ ಕಂಪ್ಯೂಟರ್ ಪಟ್ಟಿಯಲ್ಲಿ ಒಟ್ಟು ಠೇವಣಿಯ ಮುಂದೆ ಮೈನಸ್ ಗುರುತು ಕಾಣಿಸಿತು. ಎರಡು ಕೋಟಿಗೂ ಮೀರಿದ ಸಾಲವಿದೆ ಎಂಬಂತೆ! ಪಿಂಚಣಿಯಿಲ್ಲದ ಹಿರಿಯರೆಲ್ಲ ಪಾಸ್‌ಬುಕ್ ಹಿಡಿದು ಸಾಲು ನಿಂತರು. ಆ ರಾತ್ರಿ ತಂದೆ ಊಟ ಮಾಡಲಿಲ್ಲ. ಮರುದಿನ ಕೈಬರಹದ ಖಾತೆಪುಸ್ತಕ ಕೂಡಿಸಿ ನೋಡಿದರೆ, ಹಣ ಎಲ್ಲಿಗೂ ಹೋಗಿರಲಿಲ್ಲ.

ಹಾಗಾದರೆ ಆದದ್ದೇನು? ಕಂಪ್ಯೂಟರ್‌ನಲ್ಲಿ ಪ್ರತಿ ಸಂಖ್ಯೆಗೂ ಒಂದು ಅಳತೆಯ ಪಾತ್ರೆ. 32 ಬಿಟ್‌ನ ಪಾತ್ರೆಯಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 214,74,83,647. ಹಣವನ್ನು ಪೈಸೆಗಳಲ್ಲಿ ಬರೆದಿಟ್ಟರೆ ಅದು 2,14,74,836 ರೂಪಾಯಿ 47 ಪೈಸೆ. ಅದಕ್ಕೆ ಇನ್ನೊಂದು ಪೈಸೆ ಸೇರಿಸಿ ನೋಡಿ. ಹಾಲಿನಂತೆ ಉಕ್ಕಿ ಚೆಲ್ಲುವುದಿಲ್ಲ. ಸದ್ದಿಲ್ಲದೆ ತಿರುಗಿ, ಮೈನಸ್ 2,14,74,836 ರೂಪಾಯಿ 48 ಪೈಸೆ ಆಗಿಬಿಡುತ್ತದೆ! ಉಕ್ಕಿದ್ದರೆ ಕಾಣುತ್ತಿತ್ತು. ಕಾಣದಿರುವುದೇ ಅಪಾಯ.

ಇದಕ್ಕೆ ಮದ್ದಿದೆ. ಜಾವಾ ಭಾಷೆಯಲ್ಲಿ 2014ರಿಂದ 'ಆಡ್‌ಎಕ್ಸಾಕ್ಟ್' ಎಂಬ ಕೂಡುವ ವಿಧಾನವಿದೆ. ಮೊತ್ತ ಪಾತ್ರೆಯಲ್ಲಿ ಹಿಡಿಯದಿದ್ದರೆ ಅದು ತಪ್ಪು ಉತ್ತರ ಕೊಡದೆ, ಕೆಲಸ ನಿಲ್ಲಿಸಿ ದೋಷವನ್ನು ಸಾರುತ್ತದೆ. 64 ಬಿಟ್‌ನ ದೊಡ್ಡ ಪಾತ್ರೆಯಿಂದ ಚಿಕ್ಕದಕ್ಕೆ ಸುರಿಯುವಾಗಲೂ ಅಷ್ಟೇ. ಸುಮ್ಮನೆ ಸುರಿದರೆ ಸಂಖ್ಯೆಯ ಮೇಲಿನ ಭಾಗ ಕತ್ತರಿಸಿ ಹೋಗುತ್ತದೆ. 'ಟುಇಂಟ್‌ಎಕ್ಸಾಕ್ಟ್' ಬಳಸಿದರೆ ಯಂತ್ರವೇ ತಡೆಯುತ್ತದೆ.

ಸಂಖ್ಯೆ ಹಿಡಿದರಷ್ಟೇ ಸಾಲದು, ಅದು ಯಾವ ಬಗೆಯದು ಎಂಬುದೂ ಗೊತ್ತಿರಬೇಕು. ಮುಂಬಯಿಯ ಹಳೆಯ ಟ್ಯಾಕ್ಸಿ ಮೀಟರ್ ನಿಮಗೆ ನೆನಪಿರಬೇಕು. ಅದು ತೋರಿಸುತ್ತಿದ್ದ ಅಂಕಿ ರೂಪಾಯಿಯಲ್ಲ. ಡ್ರೈವರ್ ದರಪಟ್ಟಿಯ ಕಾರ್ಡ್ ತೆಗೆದು, ನಿಮ್ಮ ಕಣ್ಣೆದುರೇ ಅದನ್ನು ಬಾಡಿಗೆಯಾಗಿ ಬದಲಿಸುತ್ತಿದ್ದ. ಎಲ್ಲ ಬದಲಾವಣೆಯೂ ಹಾಗೆ ಬಹಿರಂಗವಾಗಿ ನಡೆಯಬೇಕು.

ನಡೆಯದಿದ್ದರೆ? 2012ರ ಅಕ್ಟೋಬರ್ 5ರಂದು ಇದೇ ಮುಂಬಯಿಯ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ, 17 ಲಕ್ಷ ರೂಪಾಯಿ ಮೌಲ್ಯದ ಮಾರಾಟದ ಆದೇಶದಲ್ಲಿ ಆ 17 ಲಕ್ಷವನ್ನು ಪ್ರಮಾಣವೆಂದು ನಮೂದಿಸಲಾಯಿತು. 650 ಕೋಟಿ ರೂಪಾಯಿಗೂ ಮೀರಿದ ವ್ಯವಹಾರ ನಡೆದುಹೋಯಿತು. ನಿಫ್ಟಿ ಕ್ಷಣಗಳಲ್ಲಿ ಸುಮಾರು ಶೇಕಡಾ 15 ಕುಸಿದು, ವಹಿವಾಟನ್ನೇ ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು. ಅದು ಮನುಷ್ಯನ ತಪ್ಪು, ನಿಜ. ಆದರೆ ಅಂಕಿ ಎರಡೂ ಕಡೆ ಒಂದೇ. ಬೇರೆಯಾದದ್ದು ಅದರ ಬಗೆ. "ಇದು ಹೇಗೆ ಸಾಧ್ಯ?" ಎಂದು ಕೇಳುವ ಒಂದು ಗೇಟು ನಡುವೆ ಇರಬೇಕಿತ್ತು.

ಉದ್ಘೋಷಕಿಯಾಗಿ ನನಗೆ ಇನ್ನೊಂದು ಚಿಂತೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿರುವ 32 ಬಿಟ್‌ನ ಗಡಿಯಾರಗಳು, 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಬಿಡುತ್ತವೆ. ಬದಲಿಸದೆ ಉಳಿದ ಯಂತ್ರ ಮುಂದಿನ ಸೆಕೆಂಡಿಗೆ 1901ರ ಡಿಸೆಂಬರ್‌ಗೆ ಜಿಗಿಯುತ್ತದೆ. ಆ ಬೆಳಿಗ್ಗೆ ಮೈಕಿನ ಮುಂದೆ ಯಾರೇ ಇರಲಿ, ಸಮಯ ಹೇಳುವ ಮೊದಲು ಕೈಗಡಿಯಾರವನ್ನೊಮ್ಮೆ ನೋಡಿಕೊಳ್ಳಲಿ!

ನಿಮ್ಮ ಮನೆಯಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿರುವ ಮಕ್ಕಳಿದ್ದರೆ ಒಂದು ಮಾತು ಹೇಳಿ: ತಪ್ಪು ಉತ್ತರ ಕೊಡುವ ಯಂತ್ರಕ್ಕಿಂತ 'ಆಗದು' ಎನ್ನುವ ಯಂತ್ರ ಮೇಲು. ಅವರು ಬರೆಯುವ ಪ್ರತಿ ಅಂಕಿಯ ಹಿಂದೆ ಪಾಸ್‌ಬುಕ್ ಹಿಡಿದ ಯಾರೋ ಒಬ್ಬರು ನಿಂತಿರುತ್ತಾರೆ.