ಬಿದಿರು ಮೆಳೆಯ ಮುಳ್ಳು ಮತ್ತು ವಿಜ್ಞಾನಿಯ ವರದಿ

ಪರಿಸರ ವಿಜ್ಞಾನದ ಪ್ರಾಧ್ಯಾಪಕರು ಯಾರಿಗಾಗಿ ಬರೆಯುತ್ತಾರೆ? ತಮ್ಮಂಥ ಇನ್ನಷ್ಟು ಪ್ರಾಧ್ಯಾಪಕರಿಗಾಗಿ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದರಲ್ಲಿ ತಪ್ಪೇನಿಲ್ಲ, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಪರೀಕ್ಷಿಸದಿದ್ದರೆ ವಿಜ್ಞಾನ ಮುಂದೆ ಸಾಗುವುದಿಲ್ಲ. ಆದರೆ ಅಷ್ಟೇ ಸಾಕೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಉತ್ತರ ಕನ್ನಡ ಜಿಲ್ಲೆಯ ಬಿದಿರಿನ ಕಥೆ ಕೇಳಬೇಕು.

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಸುತ್ತಲಿನ ಕಾಡಿನಲ್ಲಿ ಬಿದಿರು ಎಷ್ಟು ತೆಗೆದರೂ ಮುಗಿಯದಷ್ಟಿದೆ ಎಂದು ಆಗ ಎಲ್ಲರೂ ನಂಬಿದ್ದರು. ಟನ್ನಿಗೆ ಬರೀ ಒಂದೂವರೆ ರೂಪಾಯಿಯಂತೆ ಸರ್ಕಾರ ಅದನ್ನು ಕಾರ್ಖಾನೆಗೆ ಒದಗಿಸಿತು. ಅದೇ ಬಿದಿರಿನಿಂದ ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಕೊಡಬೇಕಾಗಿದ್ದ ಬೆಲೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಬಿದಿರು ಸಿಗುವುದೇ ಕಷ್ಟವಾಗಿ, ಮೇದಾರರು ದನಿ ಎತ್ತಿದರು. ಕಾರ್ಖಾನೆಯೇ ಕಾಡನ್ನು ಬರಿದು ಮಾಡಿತು ಎಂಬುದು ಅವರ ದೂರು. ಕಾರ್ಖಾನೆಯವರು ಹಳ್ಳಿಯವರತ್ತ, ದನಗಳತ್ತ ಬೆರಳು ತೋರಿಸಿದರು.

ಇದರ ನಿಜಸ್ಥಿತಿ ತಿಳಿಯಲು ರಾಜ್ಯ ಸರ್ಕಾರ 1975ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರ ನೆರವು ಕೇಳಿತು. ಪುಣೆಯಲ್ಲಿ ಹುಟ್ಟಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1973ರಲ್ಲಿ ಸಂಸ್ಥೆ ಸೇರಿದ್ದ ತರುಣ ಪ್ರಾಧ್ಯಾಪಕರು ಅವರು. ಗಣಿತದ ಮಾದರಿಗಳಲ್ಲಿ ಪಳಗಿದ್ದವರು ಎಸ್. ನರೇಂದ್ರ ಪ್ರಸಾದರ ಜೊತೆ ಕಾಡಿಗಿಳಿದು ಬಿದಿರಿನ ಗಳ ಎಣಿಸತೊಡಗಿದರು.

ಇಲ್ಲಿ ಒಂದು ಸಣ್ಣ ವಿವರ ಗಮನಿಸಬೇಕು. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡು ಬೇಲಿಯಂತೆ ನಿಂತಿರುತ್ತವೆ. ಗಳ ಕಡಿಯುವವರಿಗೆ ಅದು ದೊಡ್ಡ ಅಡ್ಡಿ. ಮುಳ್ಳು ಸವರಿ ಬುಡ ಸ್ವಚ್ಛ ಮಾಡಿದರೆ ಮೆಳೆ ಸಲೀಸಾಗಿ ಬೆಳೆಯುತ್ತದೆ ಎಂಬುದು ಅರಣ್ಯ ಇಲಾಖೆಯ ಪಾಠವೂ ಆಗಿತ್ತು. ಹಳ್ಳಿಯವರು ಮಾತ್ರ ಒಪ್ಪಲಿಲ್ಲ. ‘ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ’ ಎಂದರು. ಮಳೆಗಾಲದಲ್ಲಿ ನೆಲ ಸೀಳಿಕೊಂಡು ಮೇಲೇಳುವ ಎಳೆಯ ಕಳಲೆ ಎಂದರೆ ದನ, ಮುಸುವ, ಮುಳ್ಳುಹಂದಿ ಎಲ್ಲಕ್ಕೂ ಇಷ್ಟ. (ಮನುಷ್ಯರಿಗೂ ಇಷ್ಟವೇ, ಮಲೆನಾಡಿನ ಅಡಿಗೆಮನೆಗಳನ್ನು ಕೇಳಿ ನೋಡಿ!) ಅದನ್ನು ಕಾಯುವುದು ಆ ಮುಳ್ಳಿನ ಬೇಲಿ.

ವಿಜ್ಞಾನಿಗಳು ಈ ಮಾತನ್ನು ತಳ್ಳಿಹಾಕಲಿಲ್ಲ, ಕಣ್ಣು ಮುಚ್ಚಿ ನಂಬಲೂ ಇಲ್ಲ. ಮುಳ್ಳು ಸವರಿದ ಮೆಳೆಗಳನ್ನೂ ಹಾಗೇ ಬಿಟ್ಟ ಮೆಳೆಗಳನ್ನೂ ವರ್ಷಗಟ್ಟಲೆ ಹೋಲಿಸಿ ನೋಡಿದರು. ಹಳ್ಳಿಯವರ ಮಾತೇ ನಿಜವಾಯಿತು. ಸವರಿದ ಮೆಳೆಗಳಲ್ಲಿ ಕಳಲೆಗಳು ಪ್ರಾಣಿಗಳ ಪಾಲಾಗಿ, ಹೊಸ ಗಳಗಳು ಕಡಿಮೆಯಾಗಿದ್ದವು. ಕಾಡಿನಲ್ಲಿ ಇಷ್ಟು ಬಿದಿರಿದೆ ಎಂದು ಕಾಗದದ ಮೇಲೆ ಬರೆದಿಟ್ಟ ಅಂದಾಜು ಕೂಡ ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತು. ಹತ್ತಿರದ ಬಿದಿರು ಕರಗಿದಂತೆ ಕಾರ್ಖಾನೆ ದೂರದ ಕಾಡುಗಳನ್ನು ಹುಡುಕಿಕೊಂಡು ಹೋಯಿತು. ಒಂದು ಸಂಪತ್ತನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಈ ಪರಿಪಾಟಕ್ಕೆ ಗಾಡ್ಗೀಳರು ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಮರಳಿದ್ದಾರೆ. ಇತಿಹಾಸಕಾರ ರಾಮಚಂದ್ರ ಗುಹಾ ಅವರೊಂದಿಗೆ ಬರೆದು 1992ರಲ್ಲಿ ಪ್ರಕಟಿಸಿದ ‘ದಿಸ್ ಫಿಶರ್ಡ್ ಲ್ಯಾಂಡ್’ ಭಾರತದ ಪರಿಸರ ಇತಿಹಾಸವನ್ನೇ ಈ ದೃಷ್ಟಿಯಿಂದ ನೋಡಿದ ಗ್ರಂಥ.

ವಿಜ್ಞಾನಿಗಳು ಬಂದು ದೃಢಪಡಿಸುವ ಮೊದಲೇ ಈ ತಿಳಿವಳಿಕೆ ಹಳ್ಳಿಯಲ್ಲಿತ್ತು. ಅಲ್ಲಿಂದ ಪಡೆದದ್ದು ಅಲ್ಲಿಗೆ ಮರಳಬೇಡವೇ? ಈ ಋಣ ಗಾಡ್ಗೀಳರನ್ನು ಕಾಡಿದಂತಿದೆ. 1983ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದ ಅವರು, ಮುಂದೆ 1990ರ ದಶಕದಲ್ಲಿ ಪಶ್ಚಿಮ ಘಟ್ಟದ ಕಾಲೇಜು ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಕೂಡಿಸಿಕೊಂಡರು. ಊರಿನ ಗಿಡ, ಮೀನು, ಹಕ್ಕಿಗಳ ಬಗ್ಗೆ ಊರವರೇ ಹೇಳಿದ್ದನ್ನು ದಾಖಲಿಸುವ ಜನತಾ ಜೀವವೈವಿಧ್ಯ ದಾಖಲಾತಿ ಬೆಳೆದದ್ದು ಹೀಗೆ. 2002ರ ಜೀವವೈವಿಧ್ಯ ಕಾಯ್ದೆ ಜಾರಿಯಾದ ಮೇಲೆ ಅದಕ್ಕೆ ಕಾನೂನಿನ ಬಲವೂ ದೊರೆಯಿತು. ಅವರ ಪತ್ನಿ, ಮುಂಗಾರಿನ ತಜ್ಞೆ ಸುಲೋಚನಾ ಗಾಡ್ಗೀಳರೂ ಪಾವಗಡದ ಕಡೆಯ ಶೇಂಗಾ ರೈತರೊಡನೆ ಸೇರಿ ಬಿತ್ತನೆಯ ಹದಕ್ಕೂ ಮಳೆಗೂ ಇರುವ ನಂಟನ್ನು ಅಧ್ಯಯನ ಮಾಡಿದವರು.

ಆದರೆ ವರದಿ ಬರೆದ ಮಾತ್ರಕ್ಕೆ ಅದು ಜನರ ಕೈಗೆ ತಲಪುವುದಿಲ್ಲ. 2010ರಲ್ಲಿ ಕೇಂದ್ರ ಸರ್ಕಾರ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಪಶ್ಚಿಮ ಘಟ್ಟಗಳ ತಜ್ಞ ಸಮಿತಿ ನೇಮಿಸಿತು. 2011ರ ಆಗಸ್ಟಿನಲ್ಲಿ ಸಮಿತಿ ವರದಿ ಒಪ್ಪಿಸಿತು. ಯಾವ ಪ್ರದೇಶವನ್ನು ಎಷ್ಟು ಕಾಪಾಡಬೇಕು ಎಂಬುದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿಯೇ ಅಂತಿಮಗೊಳಿಸಬೇಕು ಎಂಬುದು ಅದರ ತಿರುಳು. ಚರ್ಚೆಯ ಮಾತು ಹಾಗಿರಲಿ, ವರದಿಯೇ ಹೊರಬರಲಿಲ್ಲ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಕೇಂದ್ರ ಮಾಹಿತಿ ಆಯೋಗ ಆದೇಶಿಸಿ, ಮಂತ್ರಾಲಯ ದೆಹಲಿ ಹೈಕೋರ್ಟಿಗೆ ಹೋಗಿ ಅಲ್ಲೂ ಸೋತ ಬಳಿಕ, 2012ರ ಮೇ ತಿಂಗಳಲ್ಲಿ ಅದು ಬಹಿರಂಗವಾಯಿತು. ಐನೂರಕ್ಕೂ ಹೆಚ್ಚು ಪುಟ, ಅದೂ ಇಂಗ್ಲಿಷಿನಲ್ಲಿ. ಘಟ್ಟದ ಹಳ್ಳಿಗಳಿಗೆ ಅದಕ್ಕಿಂತ ಮೊದಲು ತಲಪಿದ್ದು, ‘ಮನೆ ಕಟ್ಟಲು ಬಿಡುವುದಿಲ್ಲವಂತೆ, ಒಕ್ಕಲೆಬ್ಬಿಸುತ್ತಾರಂತೆ’ ಎಂಬ ಗಾಳಿಸುದ್ದಿ. ಓದಿ ವಿರೋಧಿಸಿದವರಿಗಿಂತ ಓದದೆ ವಿರೋಧಿಸಿದವರೇ ಹೆಚ್ಚು ಎಂದರೆ ಅದು ಹಳ್ಳಿಗರ ತಪ್ಪಲ್ಲ. ಓದಲು ಅವರ ಕೈಗೆ ಏನನ್ನೂ ಕೊಟ್ಟಿರಲಿಲ್ಲ.

2023ರಲ್ಲಿ ಗಾಡ್ಗೀಳರ ಆತ್ಮಕಥನ ಇಂಗ್ಲಿಷಿನ ಜೊತೆಗೆ ಹಲವು ಭಾರತೀಯ ಭಾಷೆಗಳಲ್ಲೂ ಬಂತು. ಕನ್ನಡದಲ್ಲಿ ಅದರ ಹೆಸರು ‘ಏರುಘಟ್ಟದ ನಡಿಗೆ’.